ಕೇರಿಯ ಯೋಗಕ್ಷೇಮ

ಹಿಂದಿನ ಕಾಲದ ಕಾಗದಗಳಲ್ಲಿ ‘ಉಭಯಕುಶಲೋಪರಿ ಸಾಂಪ್ರತ’ ಎಂಬ ಒಕ್ಕಣೆಯಿಲ್ಲದೆ ಯಾವ ಮಾತೂ ಆರಂಭವಾಗುತ್ತಿರಲಿಲ್ಲ. ಕಾಗದದ ಬಳಕೆ ತಗ್ಗಿ, ಕೈಗೊಂದು ದೂರವಾಣಿ ಬಂದಿರುವ ಈ ದಿನಗಳಲ್ಲಿಯೂ, ಬೆಂಗಳೂರಿನಲ್ಲಿರುವ ಮಗನನ್ನಾಗಲಿ ಸೊಸೆಯನ್ನಾಗಲಿ ನಾವು ಮೊದಲು ಕೇಳುವುದು ಯೋಗಕ್ಷೇಮವನ್ನೇ. ಊಟವಾಯಿತೆ, ಆರೋಗ್ಯವೆ, ಮಕ್ಕಳ ವ್ಯಾಸಂಗ ಹೇಗೆ ನಡೆದಿದೆ ಎಂದು ವಿಚಾರಿಸುತ್ತೇವೆ. ಆದರೆ ಅವರು ವಾಸಿಸುವ ಕೇರಿಯ ಯೋಗಕ್ಷೇಮವೇನೆಂದು ಕೇಳುವವರು ಎಷ್ಟು ಮಂದಿ? ಬೀದಿಯ ಮೂಲೆಯಲ್ಲಿ ಕಸದ ರಾಶಿ ಬಿದ್ದಿದೆಯೆ, ಮನೆಯ ಹಿಂದಣ ಕೆರೆಯಲ್ಲಿ ನೀರಿದೆಯೆ, ವೃದ್ಧರು ಸಂಜೆ ನಾಲ್ಕು ಹೆಜ್ಜೆ ನಡೆಯಲು ಸ್ಥಳವುಂಟೆ ಎಂಬ ಪ್ರಶ್ನೆಗಳು ನಮ್ಮ ಬಾಯಿಗೆ ಬರುವುದೇ ಇಲ್ಲ. ಮನೆಯ ಕುಶಲವು ಕೇರಿಯ ಕುಶಲವನ್ನು ಆಶ್ರಯಿಸಿರುವುದರಿಂದ, ಈ ತಿಂಗಳು ವಾಚಕ ಮಹಾಶಯರೊಡನೆ ಈ ಎರಡನೆಯ ಕುಶಲದ ವಿಷಯವಾಗಿ ಕೆಲವು ಮಾತುಗಳನ್ನಾಡಬೇಕೆಂದು ಬಯಸಿದ್ದೇವೆ.

ಯೋಗಕ್ಷೇಮವೆಂಬುದು ಎರಡು ಶಬ್ದಗಳು ಕೂಡಿದ ಮಾತು. ನಮ್ಮಲ್ಲಿ ಇಲ್ಲದುದನ್ನು ಪಡೆದುಕೊಳ್ಳುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಹೊಸ ಮನೆಯನ್ನು ಕಟ್ಟುವುದು ಯೋಗವಾದರೆ, ವರ್ಷವರ್ಷವೂ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು ಕ್ಷೇಮ. ಮಲೆನಾಡಿನಲ್ಲಿ ಸಂಸಾರ ನಡೆಸಿದ ಯಾವ ಗೃಹಿಣಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವರ್ಷ ಕೈಯಾಡಿಸದೆ ಬಿಟ್ಟ ಹೆಂಚಿನ ಕೆಳಗೆ ಆಷಾಢದಲ್ಲಿ ಎಷ್ಟು ಪಾತ್ರೆಗಳನ್ನು ಇಡಬೇಕಾಗುವುದೆಂಬುದನ್ನು ಅವರೇ ಬಲ್ಲರು. ಲೋಕವಾದರೋ ಯೋಗವನ್ನು ಮೆರೆಸುತ್ತದೆ. ಅದಕ್ಕೆ ಶಂಕುಸ್ಥಾಪನೆಯುಂಟು, ಹಾರತುರಾಯಿಗಳುಂಟು, ಹೆಸರು ಕೆತ್ತಿದ ಶಿಲಾಫಲಕವುಂಟು. ಕ್ಷೇಮಕ್ಕೆ ಇವೊಂದೂ ಇಲ್ಲ. ಕಾಲುವೆಯ ಬಾಯಿಗೆ ಸಿಕ್ಕಿಕೊಂಡ ಕಸವನ್ನು ದಿನವೂ ಬೆಳಗ್ಗೆ ತೆಗೆದವನ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ಪಟ್ಟಣದ ಕೇರಿಗಳು ಹಾಳಾಗುವುದು ಹೆಚ್ಚಾಗಿ ಕ್ಷೇಮವು ತಪ್ಪಿದಾಗ. ಅವು ಮತ್ತೆ ಚಿಗುರುವುದೂ ಆ ಕ್ಷೇಮದ ಹೊಣೆಯನ್ನು ನೆರೆಹೊರೆಯವರು ಹೊತ್ತಾಗಲೇ. ಇದೇ ಪ್ರಕೃತ ಲೇಖನದ ಸಾರ.

ಮಲ್ಲಂದೂರಿನಂತಹ ಕಾಫಿಯ ಬೆಟ್ಟದೂರಿನಲ್ಲಿ ಕುಳಿತು ಬೆಂಗಳೂರಿನ ಬಡಾವಣೆಗಳ ಮಾತೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಮನೆಗಳನ್ನು ಎಣಿಸುತ್ತ ಹೋದರೆ, ಓದಿಗೋ ಉದ್ಯೋಗಕ್ಕೋ ಮಗುವೊಂದನ್ನು ಆ ಮಹಾನಗರಕ್ಕೆ ಕಳುಹಿಸದ ಮನೆ ದೊರೆಯುವುದು ವಿರಳ. ನಮ್ಮ ಮೊಮ್ಮಕ್ಕಳು ಆಡುವ ಬೀದಿ ನಮಗೆ ಪರಕೀಯವಾದೀತೆ? ಅಲ್ಲದೆ, ದೊಡ್ಡ ಪಟ್ಟಣಕ್ಕೆ ಇಂದು ಬಂದ ಜಾಡ್ಯವು ಚಿಕ್ಕ ಪಟ್ಟಣಕ್ಕೆ ನಾಳೆ ಬರುತ್ತದೆ. ಆದಕಾರಣ ಅಲ್ಲಿ ಕೇರಿಗಳು ಕೆಟ್ಟ ಬಗೆಯನ್ನೂ, ಕೆಲವು ಕೇರಿಗಳು ಚೇತರಿಸಿಕೊಂಡ ಬಗೆಯನ್ನೂ ಅರಿತಿರುವುದು ನಮಗೆ ಹಿತ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ದಿಣ್ಣೆಯ ಪ್ರದೇಶ. ಅದಕ್ಕೆ ಜೀವನಾಡಿಯೆನ್ನಬಹುದಾದ ದೊಡ್ಡ ನದಿಯಿಲ್ಲ. 1537ರಲ್ಲಿ ಕೆಂಪೇಗೌಡರು ಅಲ್ಲಿ ಕೋಟೆಪೇಟೆಗಳನ್ನು ಕಟ್ಟಿಸಿದರೆಂಬುದು ಪ್ರಸಿದ್ಧ. ಅಂತಹ ನೆಲದಲ್ಲಿ ಜನವಸತಿ ನೆಲೆನಿಲ್ಲುವಂತೆ ಮಾಡಿದುದು ಕೆರೆಗಳು. ಒಂದೊಂದು ತಗ್ಗಿಗೂ ಏರಿಯನ್ನು ಹಾಕಿ, ಮೇಲಣ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಣ ಕೆರೆಯನ್ನು ಸೇರುವಂತೆ ಹಿರಿಯರು ಸರಪಣಿಯಾಗಿ ಅವನ್ನು ಕಟ್ಟಿದರು. ಕಟ್ಟಿದುದರ ಜೊತೆಗೆ ಕಾಯುವ ಏರ್ಪಾಟನ್ನೂ ಮಾಡಿದರು. ನೀರನ್ನು ಹಂಚುವುದಕ್ಕೂ ತೂಬನ್ನು ನೋಡಿಕೊಳ್ಳುವುದಕ್ಕೂ ನೀರಗಂಟಿಯಿದ್ದನು. ಕೆರೆಯ ಹೂಳೆತ್ತುವ, ಏರಿ ಬಲಪಡಿಸುವ ವೆಚ್ಚಕ್ಕಾಗಿ ಭೂಮಿಯನ್ನು ಬಿಡುತ್ತಿದ್ದರು. ನಮ್ಮ ಶಾಸನಗಳಲ್ಲಿ ಕಾಣುವ ‘ಬಿಟ್ಟುವಟ್ಟ’, ‘ಕೆರೆಗೊಡಗೆ’ ಎಂಬ ಮಾತುಗಳು ಇದಕ್ಕೆ ಸಾಕ್ಷಿ. ಕೆರೆ ಕಟ್ಟಿಸಿದ ಪುಣ್ಯವಂತನ ಹೆಸರಿನೊಡನೆಯೇ, ಅದನ್ನು ಉಳಿಸುವ ಉಪಾಯವನ್ನೂ ಕಲ್ಲಿನಲ್ಲಿ ಬರೆಸಿದ ಆ ಜನರು ಯೋಗಕ್ಷೇಮಗಳೆರಡನ್ನೂ ಬಲ್ಲವರಾಗಿದ್ದರು.

ಮುಂದೆ 1890ರ ದಶಕದಲ್ಲಿ ಹೆಸರಘಟ್ಟದಿಂದಲೂ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ, 1974ರಿಂದ ದೂರದ ಕಾವೇರಿಯಿಂದಲೂ ಬೆಂಗಳೂರಿಗೆ ಕೊಳವೆಗಳಲ್ಲಿ ನೀರು ಬಂದಿತು. ಹೆಂಗಸರ ತಲೆಯ ಮೇಲಣ ಕೊಡ ಇಳಿಯಿತು. ನೀರಿನಿಂದ ಹರಡುವ ರೋಗಗಳ ಭಯ ಕಡಿಮೆಯಾಯಿತು. ಇದು ಸಾಮಾನ್ಯವಾದ ಉಪಕಾರವಲ್ಲ. ಆದರೆ ನಲ್ಲಿಯನ್ನು ತಿರುಗಿಸಿದೊಡನೆ ನೀರು ಬರುವಾಗ ಕೆರೆಯ ಕಡೆಗೆ ನೋಡುವವರು ಯಾರು? ಗದ್ದೆಗಳು ನಿವೇಶನಗಳಾದುವು, ಗದ್ದೆಯಿಲ್ಲದ ಮೇಲೆ ತೂಬಿಗೆ ಕೆಲಸವಿಲ್ಲ, ತೂಬಿಗೆ ಕೆಲಸವಿಲ್ಲದ ಮೇಲೆ ನೀರಗಂಟಿಯೇಕೆ? ಬಳಕೆ ತಪ್ಪಿದಲ್ಲಿ ಕಾವಲು ತಪ್ಪಿತು. ಕಾವಲು ತಪ್ಪಿದಲ್ಲಿ ಒಡೆತನವೇ ಮರೆಯಾಯಿತು. ಧರ್ಮಾಂಬುಧಿ ಕೆರೆಯಿದ್ದ ನೆಲದಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವೆದ್ದಿದೆ. ಮುಚ್ಚದೆ ಉಳಿದ ಅನೇಕ ಕೆರೆಗಳು ಬಡಾವಣೆಗಳ ಕೊಚ್ಚೆಗೆ ತವರಾದುವು. ಕೆರೆಗಳನ್ನು ಒಡೆಯದೆ ಉಳಿಸಬೇಕೆಂದು 1980ರ ದಶಕದಲ್ಲಿಯೇ ಎನ್. ಲಕ್ಷ್ಮಣರಾಯರ ಸಮಿತಿಯು ಸರ್ಕಾರಕ್ಕೆ ಹೇಳಿದ್ದರೂ, ಹೇಳಿದುದಕ್ಕೂ ನಡೆದುದಕ್ಕೂ ಅಂತರ ಬಹಳವಿತ್ತು.

ಈ ನಿಯಮವು ಕೆರೆಗಳಿಗೆ ಮಾತ್ರ ಸೀಮಿತವಲ್ಲವೆಂಬುದಕ್ಕೆ ಮಲ್ಲೇಶ್ವರವನ್ನು ನೋಡಬಹುದು. 1898ರಲ್ಲಿ ಬೆಂಗಳೂರಿನ ಇಕ್ಕಟ್ಟಾದ ಪೇಟೆಗಳಲ್ಲಿ ಪ್ಲೇಗು ಮಾರಿ ಜನರನ್ನು ಬಲಿತೆಗೆದುಕೊಂಡಾಗ, ಬಸವನಗುಡಿ ಮಲ್ಲೇಶ್ವರಗಳ ಅಗಲವಾದ ಬೀದಿಗಳಿಗೆ ಜನರು ಹೋಗಿ ನೆಲಸಿದರು. ಗಾಳಿಬೆಳಕುಗಳಿಗೆ ಅನುಕೂಲವಾಗುವಂತೆ ರಚಿತವಾದ ಆ ಮಲ್ಲೇಶ್ವರದಲ್ಲಿ ಮನೆಗಳ ಹಿಂಬದಿಗೆ ಕಿರಿದಾದ ಓಣಿಗಳನ್ನು ಬಿಟ್ಟಿದ್ದರು. ಕಕ್ಕಸುಗಳ ಮಲವನ್ನು ತಲೆಯ ಮೇಲೆ ಹೊತ್ತು ಸಾಗಿಸುತ್ತಿದ್ದ ಮನುಷ್ಯರು ಬಂದುಹೋಗುತ್ತಿದ್ದ ದಾರಿಗಳವು. ಮುಂಬಾಗಿಲಿನ ರಂಗವಲ್ಲಿಯನ್ನು ಮೆಚ್ಚಿದ ನಾಗರಿಕರು ಹಿಂಬಾಗಿಲಿನಲ್ಲಿ ನಡೆದ ಈ ಕ್ರೌರ್ಯವನ್ನು ಬಹುಕಾಲ ಕಾಣದವರಂತಿದ್ದರು. ಒಳಚರಂಡಿ ಬಂದು ಆ ಹೀನ ಪದ್ಧತಿ ತೊಲಗಿದುದು ಪುಣ್ಯದ ಸಂಗತಿ. ಆದರೆ ಬಳಕೆ ತಪ್ಪಿದ ಓಣಿಗಳು ಅನಾಥವಾದುವು. ಕಸವೂ ಮುರಿದ ಸಾಮಾನೂ ಅಲ್ಲಿ ಸೇರಿದುವು. ಈಚಿನ ವರ್ಷಗಳಲ್ಲಿ ಅಂತಹ ಕೆಲವು ಓಣಿಗಳನ್ನು ನಿವಾಸಿಗಳೂ ನಗರರಚನೆಯನ್ನು ಕಲಿತ ತರುಣ ತರುಣಿಯರೂ ಕೂಡಿ ಶುಚಿಗೊಳಿಸಿ, ಗೋಡೆಗೆ ಬಣ್ಣ ಬಳಿದು, ಕಾಲುದಾರಿಗಳನ್ನಾಗಿ ಮಾಡಿರುವರು. ದಾರಿಯಲ್ಲಿ ನಡೆಯುವವರಿದ್ದರೆ ಕಸ ಎಸೆಯುವ ಕೈ ತಾನಾಗಿ ಹಿಂಜರಿಯುತ್ತದೆ. ಬಳಕೆಯೊಡನೆ ಹೋದ ಕಾವಲನ್ನು ಹೊಸದೊಂದು ಬಳಕೆಯಿಂದಲೇ ಮರಳಿ ತರಬೇಕಾಯಿತು.

ಕಾವಲು ಮರಳದೆಹೋದರೆ ಏನಾಗುವುದೆಂಬುದನ್ನು ಬೆಳ್ಳಂದೂರು ಕೆರೆ ಲೋಕಕ್ಕೆಲ್ಲ ತೋರಿಸಿತು. ಬೆಂಗಳೂರಿನ ದೊಡ್ಡ ಕೆರೆಗಳಲ್ಲೊಂದಾದ ಅದಕ್ಕೆ ನಗರದ ಅಪಾರವಾದ ಕೊಚ್ಚೆನೀರು ಶುದ್ಧಿಯಿಲ್ಲದೆ ಬಂದು ಸೇರಿ, ನೊರೆಯೆದ್ದು, ಗಾಳಿಗೆ ಹಾರಿ ರಸ್ತೆಯಲ್ಲಿ ಹೋಗುವವರ ಮೇಲೆ ಬಿದ್ದಿತು. 2015ರಲ್ಲಿ ಆ ಕೆರೆಯ ಮೇಲೆ ಬೆಂಕಿಯೇ ಎದ್ದಿತು. 2017ರಲ್ಲಿಯೂ 2018ರಲ್ಲಿಯೂ ಮತ್ತೆ ಹೊತ್ತಿತು. ಸಮುದ್ರದೊಳಗಣ ಬಡಬಾಗ್ನಿಯ ಕಥೆಯನ್ನು ಪುರಾಣಗಳಲ್ಲಿ ಓದಿದ್ದೆವು. ಕೆರೆಯಲ್ಲಿ ಅಗ್ನಿಯನ್ನು ಕಾಣುವ ಕಾಲ ಬಂದೀತೆಂದು ಎಣಿಸಿರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯುಂಟಷ್ಟೆ. ಇಲ್ಲಿಯಾದರೋ ದೊಣ್ಣೆಯೂ ಬೇಕಾಗಲಿಲ್ಲ, ಉಪೇಕ್ಷೆಯೇ ಸಾಕಾಯಿತು.

ಇರಲಿ. ಕೆಟ್ಟುದನ್ನೇ ಹೇಳುತ್ತ ಕುಳಿತರೆ ಕೇಳುವವರ ಎದೆಗುಂದುತ್ತದೆ. ಅನ್ನ ಬೆಂದಿದೆಯೆ ಎಂದು ತಿಳಿಯಲು ಪಾತ್ರೆಯ ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕೆಂಬ ಸ್ಥಾಲೀಪುಲಾಕನ್ಯಾಯವನ್ನು ಅನುಸರಿಸಿ, ಚೇತರಿಸಿಕೊಂಡ ಕೇರಿಯೊಂದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ಬೆಂಗಳೂರಿನ ದಕ್ಷಿಣದಲ್ಲಿ ಜಯಪ್ರಕಾಶನಗರದ 7ನೆಯ ಹಂತದಲ್ಲಿ ಪುಟ್ಟೇನಹಳ್ಳಿಯೆಂಬ ಕೆರೆಯುಂಟು. ಯಲಹಂಕದ ಬಳಿ ಇದೇ ಹೆಸರಿನ ಇನ್ನೊಂದು ಕೆರೆಯಿರುವುದು; ಅದು ಬೇರೆ, ಇದು ಬೇರೆ. ಹದಿಮೂರು ಎಕರೆಗಳಿಗೆ ಸ್ವಲ್ಪ ಮಿಕ್ಕ ವಿಸ್ತಾರದ ಈ ಕೆರೆಯು ಹಿಂದೆ ಹಳ್ಳಿಯ ಕೆರೆ. ಪಟ್ಟಣ ಬೆಳೆದು ಹಳ್ಳಿಯನ್ನು ನುಂಗಿದ ಮೇಲೆ ಸುತ್ತಲೂ ಬಹು ಅಂತಸ್ತಿನ ವಸತಿಗೃಹಗಳೆದ್ದುವು. ಮಳೆಯ ನೀರನ್ನು ತರುತ್ತಿದ್ದ ಕಾಲುವೆಗಳು ಕಟ್ಟಡಗಳ ನಡುವೆ ಕಡಿದುಹೋದುವು. ಕೆರೆಯಂಗಳದಲ್ಲಿ ಕಸವೂ ಕಟ್ಟಡದ ಮಣ್ಣೂ ಬಿದ್ದು, ಅದು ಕೆರೆಯೆಂಬುದೇ ಸಂಶಯವಾಗುವ ಸ್ಥಿತಿಗೆ ಬಂದಿತ್ತು.

ಎದುರಿನ ವಸತಿಗೃಹದಲ್ಲಿದ್ದವರಲ್ಲಿ ಉಷಾ ರಾಜಗೋಪಾಲನ್ ಎಂಬ ಲೇಖಕಿಯೊಬ್ಬರು. ತಮಿಳಿನ ಮಹಾಕವಿ ಸುಬ್ರಹ್ಮಣ್ಯ ಭಾರತಿಯವರ ಕವಿತೆಗಳನ್ನು ಇಂಗ್ಲಿಷಿಗೆ ತಂದವರು. ಕಣ್ಣೆದುರಿನ ಕೆರೆಯು ಅಳಿಯುತ್ತಿರುವುದನ್ನು ಸಹಿಸಲಾರದೆ ಅವರೂ ಸಮಾನಮನಸ್ಕರಾದ ಕೆಲವು ನೆರೆಯವರೂ ಮನೆಮನೆಗೆ ಹೋಗಿ ಜನರನ್ನು ಕೂಡಿಸಿದರು. ಕಚೇರಿಗಳಿಗೆ ಅರ್ಜಿಗಳನ್ನು ಕೊಟ್ಟರು. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಹೂಳೆತ್ತಿಸಿ, ಏರಿಯನ್ನು ಸರಿಪಡಿಸಿ, ಸುತ್ತಲೂ ಬೇಲಿ ಹಾಕಿಸುವ ಕೆಲಸವನ್ನು ಕೈಗೊಂಡಿತು. ನೆರೆಯವರು 2010ರಲ್ಲಿ ‘ಪುಟ್ಟೇನಹಳ್ಳಿ ನೇಬರ್‌ಹುಡ್ ಲೇಕ್ ಇಂಪ್ರೂವ್‌ಮೆಂಟ್ ಟ್ರಸ್ಟ್’ ಎಂಬ ಧರ್ಮಸಂಸ್ಥೆಯನ್ನು ಸ್ಥಾಪಿಸಿಕೊಂಡರು. ಹೆಸರಿನಲ್ಲಿ ಕೆರೆಗಿಂತ ಮುಂಚೆ ನೆರೆಹೊರೆ ಬಂದಿರುವುದನ್ನು ವಾಚಕರು ಗಮನಿಸಬೇಕು. 2011ರ ಮೇ ತಿಂಗಳಲ್ಲಿ ಪಾಲಿಕೆಯು ಒಡಂಬಡಿಕೆ ಮಾಡಿಕೊಂಡು ಕೆರೆಯ ಪಾಲನೆಯನ್ನು ಈ ನಾಗರಿಕರ ಕೈಗೆ ಒಪ್ಪಿಸಿತು. ಬೆಂಗಳೂರಿನಲ್ಲಿ ಹೀಗೆ ಕೆರೆಯೊಂದರ ಪಾಲನೆಯನ್ನು ವಹಿಸಿಕೊಂಡ ಮೊದಲನೆಯ ನಾಗರಿಕ ಸಂಸ್ಥೆ ಇದೇ.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಯೋಗದ ಕಥೆಯಾಗುತ್ತಿತ್ತು. ನಿಜವಾದ ಪರೀಕ್ಷೆ ಆ ಮೇಲೆ ಬಂದಿತು. ಹೂಳೆತ್ತಿದ ಕೆರೆಗೆ ಬೇಲಿಯಿದೆ, ಕಾಲುದಾರಿಯಿದೆ. ಆದರೆ ಸಾಕಷ್ಟು ನೀರೇ ಇಲ್ಲ! ಕಾಲುವೆಗಳು ಕಡಿದಿದ್ದುದರಿಂದ ಮೇಲೆ ಬಿದ್ದ ಮಳೆ ಬೇರೆಲ್ಲಿಯೋ ಹರಿದುಹೋಗುತ್ತಿತ್ತು. ಇಲ್ಲಿ ನಾಗರಿಕರು ತೋರಿದ ತಾಳ್ಮೆ ಮೆಚ್ಚತಕ್ಕುದು. ಪಕ್ಕದ ದೊಡ್ಡ ವಸತಿಸಮುಚ್ಚಯದಲ್ಲಿ ಬಿದ್ದ ಮಳೆಯ ನೀರನ್ನು ಕೆರೆಯ ಕಡೆಗೆ ತಿರುಗಿಸುವ ಏರ್ಪಾಟಾಯಿತು. 2015ರಲ್ಲಿ ಅದೇ ಸಮುಚ್ಚಯದ ಬಚ್ಚಲು ಕಕ್ಕಸುಗಳ ನೀರನ್ನು ಯಂತ್ರದಲ್ಲಿ ಶುದ್ಧಿಗೊಳಿಸಿ ಕೆರೆಗೆ ಬಿಡುವ ವ್ಯವಸ್ಥೆ ಬಂದಿತು. ಶುದ್ಧಿಯಾದ ನೀರಿನಲ್ಲಿಯೂ ಸಸ್ಯಗಳಿಗೆ ಸಾರವಾಗುವ ಲವಣಗಳು ಉಳಿದಿರುತ್ತವೆ. ಅವು ಹೆಚ್ಚಾದರೆ ಪಾಚಿ ಬೆಳೆದು ನೀರಿನ ಪ್ರಾಣವಾಯು ಕುಗ್ಗಿ ಮೀನುಗಳು ಸಾಯುವುವು. ಆದ್ದರಿಂದ ನೀರು ಕೆರೆಯನ್ನು ಸೇರುವ ಮೊದಲು ಜೊಂಡು ಮುಂತಾದ ಗಿಡಗಳ ನಡುವೆ ನಿಧಾನವಾಗಿ ಹಾಯುವಂತೆ ತಗ್ಗುಪ್ರದೇಶವನ್ನು ಅಣಿಗೊಳಿಸಿದರು. ಗಿಡದ ಬೇರುಗಳೂ ಅವುಗಳಿಗೆ ಅಂಟಿದ ಸೂಕ್ಷ್ಮಜೀವಿಗಳೂ ಆ ಸಾರವನ್ನು ಹೀರಿಕೊಳ್ಳುತ್ತವೆ. ಕೊಚ್ಚೆಯೆಂದು ನಾವು ಹೇಸುವ ನೀರನ್ನೇ ತಕ್ಕ ಸಂಸ್ಕಾರ ಕೊಟ್ಟರೆ ಕೆರೆಗೆ ಅಮೃತವಾಗುವುದೆಂಬುದಕ್ಕೆ ಇದು ಪ್ರತ್ಯಕ್ಷ ಪ್ರಮಾಣ.

ಇಷ್ಟಾದ ಮೇಲೆಯೂ ಕೆಲಸ ಮುಗಿಯಲಿಲ್ಲ, ಮುಗಿಯತಕ್ಕುದೂ ಅಲ್ಲ. ನೀರಿನ ಕಳೆ ವಾರದಲ್ಲಿ ಹಬ್ಬುತ್ತದೆ, ತೆಗೆಯುವವರು ಬೇಕು. ನೆಟ್ಟ ಸಸಿಗೆ ಬೇಸಗೆಯಲ್ಲಿ ನೀರೆರೆಯಬೇಕು. ಕಾವಲುಗಾರನಿಗೂ ತೋಟದ ಕೆಲಸದವನಿಗೂ ತಿಂಗಳು ತುಂಬಿದೊಡನೆ ಸಂಬಳ ಸಲ್ಲಬೇಕು. ಈ ವೆಚ್ಚಕ್ಕೆ ಹಣ ಬರುವುದು ನೆರೆಯವರೂ ಇತರರೂ ಕೊಡುವ ದಾನದಿಂದ. ಹನಿ ಹನಿ ಕೂಡಿ ಹಳ್ಳವಾಗುವುದೆಂಬ ಗಾದೆ ಇಲ್ಲಿ ಲೆಕ್ಕದ ಪುಸ್ತಕದಲ್ಲಿಯೂ ಕೆರೆಯಲ್ಲಿಯೂ ಏಕಕಾಲಕ್ಕೆ ನಿಜವಾಯಿತು. ಅದರ ಫಲವೇನೆಂದರೆ, ಕಸದ ತಿಪ್ಪೆಯಾಗಲಿದ್ದ ಆ ಸ್ಥಳದಲ್ಲಿ ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಕಂಡು ಗುರುತಿಸಿದ್ದಾರೆ. ನೀರುಕಾಗೆ ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತದೆ, ಮಿಂಚುಳ್ಳಿ ಎರಗುತ್ತದೆ. ಒಂದೇ ಕಟ್ಟಡದಲ್ಲಿದ್ದೂ ಒಬ್ಬರ ಹೆಸರನ್ನೊಬ್ಬರು ಅರಿಯದಿದ್ದವರು ಏರಿಯ ಮೇಲೆ ಸಂಧಿಸಿ ಮಾತನಾಡುತ್ತಾರೆ. ಕೆರೆಯನ್ನು ಉಳಿಸಹೋದವರಿಗೆ ಕೇರಿಯೇ ದೊರಕಿತು ಎಂದರೆ ಅತಿಶಯೋಕ್ತಿಯಾಗಲಾರದು.

ಇದಕ್ಕೆ ಎರಡು ಪೂರ್ವಪಕ್ಷಗಳುಂಟು. ಎರಡನ್ನೂ ಗೌರವದಿಂದಲೇ ಪರಿಶೀಲಿಸಬೇಕು. ಮೊದಲನೆಯದು: “ನಾವು ಕಂದಾಯ ಕೊಡುವುದಿಲ್ಲವೆ? ಬೀದಿ ಗುಡಿಸುವುದೂ ಕೆರೆ ಕಾಯುವುದೂ ಸರ್ಕಾರದ ಕೆಲಸವಲ್ಲವೆ?” ಹೌದು, ಸರ್ಕಾರದ ಕೆಲಸವೇ. ಪುಟ್ಟೇನಹಳ್ಳಿಯಲ್ಲಿಯೂ ಹೂಳೆತ್ತುವ ದೊಡ್ಡ ಕೆಲಸವನ್ನು ಪಾಲಿಕೆಯೇ ಮಾಡಬೇಕಾಯಿತು. ಹತ್ತು ಮನೆಯವರು ಹಾರೆ ಹಿಡಿದು ಆಗುವಂಥದಲ್ಲ ಅದು. ಆದರೆ ಇಂದು ಸಂಜೆ ಕಾಲುವೆಯಲ್ಲಿ ನೀರಿನ ಬಣ್ಣ ಬದಲಾದುದನ್ನು ನಾಳೆ ಬೆಳಗ್ಗೆ ಕಚೇರಿಗೆ ತಿಳಿಸುವ ಕಣ್ಣು ಕಚೇರಿಯಲ್ಲಿರುವುದಿಲ್ಲ, ಕೇರಿಯಲ್ಲಿರುತ್ತದೆ. ಮೇಲಾಗಿ ಕಚೇರಿಗಳೂ ಶಾಶ್ವತವಲ್ಲ. 2007ರಲ್ಲಿ ಹುಟ್ಟಿದ ಆ ಬೃಹತ್ ಪಾಲಿಕೆಯೇ 2025ರಲ್ಲಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರ ಕೆಳಗೆ ಐದು ನಗರಪಾಲಿಕೆಗಳೂ ಬಂದುವು. ಫಲಕಗಳು ಬದಲಾದುವು, ಕೆರೆಯೂ ಅದರ ನೆರೆಯವರೂ ಇದ್ದಲ್ಲಿಯೇ ಇದ್ದಾರೆ. ಹಾಗೆಂದು ಸರ್ಕಾರವು ಕೈತೊಳೆದುಕೊಳ್ಳುವುದಕ್ಕೆ ನಾಗರಿಕರ ಸೇವೆ ನೆಪವಾಗಕೂಡದು. ಕೆಲವು ಕೆರೆಗಳನ್ನು ಖಾಸಗಿ ವ್ಯಾಪಾರಸಂಸ್ಥೆಗಳಿಗೆ ಗುತ್ತಿಗೆಗೆ ಕೊಟ್ಟ ಕಾಲವೂ ಇತ್ತು; ಸಾರ್ವಜನಿಕರ ಸೊತ್ತನ್ನು ಹಾಗೆ ಕೊಡಬಹುದೆ ಎಂದು 2008ರಲ್ಲಿ ಹೈಕೋರ್ಟಿನ ಮುಂದೆ ಪ್ರಶ್ನಿಸಬೇಕಾಯಿತು. ಒಡೆತನ ಸಾರ್ವಜನಿಕರದು, ವೆಚ್ಚದ ಮುಖ್ಯಭಾರ ಸರ್ಕಾರದ್ದು, ನಿತ್ಯದ ಕಣ್ಗಾವಲು ನೆರೆಯವರದು: ಈ ವಿಭಾಗವೇ ನ್ಯಾಯವಾದುದೆಂದು ನಮ್ಮ ಮತ.

ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣವಾದುದು: “ಇದೆಲ್ಲ ಉಳ್ಳವರ ವಿನೋದ. ಕೆರೆಗೆ ಬೇಲಿ ಬಿದ್ದರೆ ವಾಯುಸೇವನೆಗೆ ಬರುವವನಿಗೆ ಸುಖ. ದನ ಮೇಯಿಸುವವನಿಗೂ ಬಟ್ಟೆ ಒಗೆಯುವ ಅಗಸನಿಗೂ ಮೀನು ಹಿಡಿಯುವವನಿಗೂ ಬಾಗಿಲು ಮುಚ್ಚಿತು.” ಈ ಮಾತಿನಲ್ಲಿ ಸತ್ಯವಿದೆ, ಇದನ್ನು ತಳ್ಳಿಹಾಕುವಂತಿಲ್ಲ. ಕೆರೆಯನ್ನು ತಲೆತಲಾಂತರದಿಂದ ಬಳಸಿ, ಬಳಸಿದುದರಿಂದಲೇ ಕಾಯುತ್ತಿದ್ದವರು ಇವರು. ಸರ್ಜಾಪುರ ರಸ್ತೆಯ ಕೈಕೊಂಡರಹಳ್ಳಿ ಕೆರೆಯಲ್ಲಿ ಈ ಪ್ರಶ್ನೆಗೆ ಸ್ವಲ್ಪ ಸಮಾಧಾನ ದೊರೆಯುತ್ತದೆ. ಸುಮಾರು 48 ಎಕರೆಗಳ ಆ ಕೆರೆಯನ್ನು ಪಾಲಿಕೆಯೂ ನಾಗರಿಕರೂ ವಿದ್ವಾಂಸರೂ ಕೂಡಿ ಉದ್ಧರಿಸಿ, 2011ರಲ್ಲಿ ಜನರಿಗೆ ತೆರೆದರು. ಅಲ್ಲಿ ಹಳೆಯ ಹಳ್ಳಿಯವರು ದನಗಳಿಗೆ ಹುಲ್ಲು ಕೊಯ್ದುಕೊಳ್ಳಲು ಅವಕಾಶವಿಟ್ಟರು. ಗಣಪತಿಯನ್ನು ವಿಸರ್ಜಿಸಲು ಬೇರೆಯಾಗಿ ಕಲ್ಯಾಣಿಯನ್ನು ಕಟ್ಟಿದರು. ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೆ ಕೆರೆಯೇ ಪಾಠಶಾಲೆಯಾಯಿತು. ಕೊಚ್ಚೆಯ ಉಪದ್ರವ ಅಲ್ಲಿಯೂ ಮತ್ತೆ ಮತ್ತೆ ತಲೆಯೆತ್ತಿದುದುಂಟು. ಕಾಯುವವರು ಪ್ರತಿಸಲವೂ ಎಚ್ಚರಿಸುತ್ತ ಬಂದಿರುವರು. ಯಾವ ಕೇರಿಯ ಉದ್ಧಾರದಲ್ಲಿ ಆ ಕೇರಿಯ ಬಡವನಿಗೆ ಸ್ಥಳವಿಲ್ಲವೋ ಅದು ಉದ್ಧಾರವಲ್ಲ, ಅಲಂಕಾರ.

ಕಸದ ವಿಷಯದಲ್ಲಿಯೂ ಬೆಂಗಳೂರು ಕಲಿತ ಪಾಠ ಇದೇ. ಬಹುಕಾಲ ನಗರದವರು ಮನೆಯ ಕಸವನ್ನೆಲ್ಲ ಒಟ್ಟಾಗಿ ಕಟ್ಟಿ ಹೊರಗಿಡುತ್ತಿದ್ದರು. ಲಾರಿಗಳು ಅದನ್ನು ದೂರದ ಹಳ್ಳಿಗಳಲ್ಲಿ ಸುರಿಯುತ್ತಿದ್ದುವು. ನಗರದ ಉತ್ತರಕ್ಕಿರುವ ಮಾವಳ್ಳಿಪುರದ ಜನರು ದುರ್ಗಂಧವನ್ನೂ ಕೆಟ್ಟ ನೀರನ್ನೂ ಸಹಿಸಲಾರದೆ ಪ್ರತಿಭಟಿಸಿದರು. 2012ರಲ್ಲಿ ಅಲ್ಲಿಗೆ ಕಸ ಹೋಗುವುದು ನಿಂತಿತು. ಆಗ ಬೆಂಗಳೂರಿನ ಬೀದಿಬೀದಿಯಲ್ಲಿ ರಾಶಿಗಳೆದ್ದುವು. ಪೂರ್ವದ ಮಂಡೂರಿನವರೂ ದನಿಯೆತ್ತಿ, 2014ರ ಕೊನೆಗೆ ಅಲ್ಲಿಯೂ ಲಾರಿಗಳು ನಿಂತುವು. ನಮ್ಮ ಕೇರಿಯ ಶುಚಿತ್ವವು ಇನ್ನೊಬ್ಬರ ಊರಿನ ಮಾಲಿನ್ಯವಾಗಿತ್ತೆಂಬುದು ನಗರದವರಿಗೆ ಆಗ ತಿಳಿಯಿತು. ಅನೇಕ ಬಡಾವಣೆಗಳಲ್ಲಿ ನಿವಾಸಿಗಳು, ಅವರಲ್ಲಿಯೂ ಮುಖ್ಯವಾಗಿ ಗೃಹಿಣಿಯರು, ಮನೆಯಲ್ಲಿಯೇ ಕಸ ಬೇರ್ಪಡಿಸುವ ಪದ್ಧತಿಯನ್ನು ಬಾಗಿಲು ಬಾಗಿಲಿಗೆ ಹೋಗಿ ಕಲಿಸಿದರು. ಹಸಿ ಕಸಕ್ಕೆ ಹಸುರು ಬುಟ್ಟಿ, ಕೊಳಕು ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಈ ‘ಎರಡು ಬುಟ್ಟಿ ಒಂದು ಚೀಲ’ದ ಕ್ರಮವನ್ನು 2015ರ ಡಿಸೆಂಬರಿನಲ್ಲಿ ಹೈಕೋರ್ಟು ಕಡ್ಡಾಯಗೊಳಿಸಿತು. ಚಿಂದಿ ಆಯುವವರೆಂದು ಜನ ಹೀನಾಯವಾಗಿ ಕಾಣುತ್ತಿದ್ದವರು ‘ಹಸಿರು ದಳ’ವೆಂಬ ಸಂಸ್ಥೆಯ ನೆರವಿನಿಂದ ಸಂಘಟಿತರಾಗಿ ಗುರುತಿನ ಚೀಟಿಗಳನ್ನು ಪಡೆದರು; ಅವರಲ್ಲಿ ಹಲವರು ಒಣ ಕಸ ಸಂಗ್ರಹಿಸುವ ಕೇಂದ್ರಗಳನ್ನು ತಾವೇ ನಡೆಸಿದರು. ಕಸವನ್ನು ಅವರಷ್ಟು ಬಲ್ಲವರು ನಗರದಲ್ಲಿ ಬೇರಾರಿದ್ದರು?

ಈಗ ನಮ್ಮ ಬೆಟ್ಟಗಳ ಕಡೆಗೆ ತಿರುಗೋಣ. ನಮಗೆ ಬೆಳ್ಳಂದೂರಿನಂತಹ ಕೆರೆಯಿಲ್ಲವೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಈ ಸೀಮೆಯ ಹಳ್ಳಗಳು ಮುತ್ತೋಡಿಯ ಕಾಡಿನಲ್ಲಿ ಹರಿಯುವ ಸೋಮವಾಹಿನಿಯಂತಹ ತೊರೆಗಳೊಡಗೂಡಿ ಭದ್ರೆಯನ್ನು ಸೇರುತ್ತವೆ. ಕಾಫಿಯ ಕುಯ್ಲಿನ ಕಾಲದಲ್ಲಿ ಹಣ್ಣಿನ ಸಿಪ್ಪೆ ಸುಲಿದ ಪಲ್ಪರ್ ನೀರನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟರೆ ಅದು ಹುಳಿತು ನಾರಿ, ನೀರಿನ ಪ್ರಾಣವಾಯುವನ್ನು ತಿಂದುಹಾಕುತ್ತದೆ. ಅದೂ ಹಳ್ಳಗಳು ಇಳಿಯುವ ಚಳಿಗಾಲದಲ್ಲಿ. ಕೆಳಗಿನ ಊರಿನವರು ಕುಡಿಯುವುದು ಅದನ್ನೇ. ತೊಟ್ಟಿಗಳಲ್ಲಿ ನಿಲ್ಲಿಸಿ, ಸುಣ್ಣ ಬೆರಸಿ ಹುಳಿಯನ್ನು ಕಳೆದು, ತಿಳಿಯಾದ ಮೇಲೆ ತೋಟಕ್ಕೆ ಉಪಯೋಗಿಸುವ ಕ್ರಮ ನಮ್ಮ ಬೆಳೆಗಾರರಿಗೆ ತಿಳಿಯದುದೇನಲ್ಲ. ತಿಳಿದುದನ್ನು ವರ್ಷವರ್ಷವೂ ತಪ್ಪದೆ ನಡೆಸುವುದೇ ಕ್ಷೇಮ. ಮೇಲಿನ ತೋಟದವರಿಗೆ ಕೆಳಗಿನ ಊರು ಮಂಡೂರಾಗಬಾರದು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗಳಿಗೆ ರಜಾದಿನಗಳಲ್ಲಿ ಬರುವ ಪ್ರವಾಸಿಗಳು ರಸ್ತೆಯ ಪಕ್ಕದಲ್ಲಿ ಬಿಟ್ಟುಹೋಗುವ ಪ್ಲಾಸ್ಟಿಕ್ ಬಾಟಲಿಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. ಚಿಕ್ಕಮಗಳೂರು ಪಟ್ಟಣವೂ ಎಲ್ಲ ದಿಕ್ಕಿಗೂ ಹಬ್ಬುತ್ತಿದೆ. ಬಡಾವಣೆ ಬಂದಲ್ಲೆಲ್ಲ ಹಳೆಯ ಕಾಲುವೆಯೊಂದು ಮುಚ್ಚಿಹೋಗುವ ಭಯವೂ ಜೊತೆಗೇ ಬರುತ್ತದೆ.

ನಮ್ಮ ಜಿಲ್ಲೆಯಲ್ಲಿಯೇ ಸಖರಾಯಪಟ್ಟಣದ ಬಳಿ ಅಯ್ಯನಕೆರೆಯುಂಟು. ರುಕ್ಮಾಂಗದರಾಯನು ಕಟ್ಟಿಸಿದುದೆಂದೂ, ಹೊಯ್ಸಳರ ಕಾಲದಲ್ಲಿ ಅದರ ಜೀರ್ಣೋದ್ಧಾರವಾಯಿತೆಂದೂ ಹೇಳುತ್ತಾರೆ. ಅದು ಇಂದಿಗೂ ಗದ್ದೆತೋಟಗಳಿಗೆ ನೀರೀಯುತ್ತಿದೆ. ಏಕೆ ಉಳಿಯಿತು? ಅದಕ್ಕೆ ಬಳಕೆ ತಪ್ಪಲಿಲ್ಲ. ಬಳಸುವವರು ಕಾಯುವುದನ್ನು ಬಿಡಲಿಲ್ಲ. ಕಟ್ಟಿದವನ ಪುಣ್ಯಕ್ಕಿಂತ ಶಿಥಿಲವಾದುದನ್ನು ಎತ್ತಿ ನಿಲ್ಲಿಸಿದವನ ಪುಣ್ಯ ಹೆಚ್ಚೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಕಟ್ಟುವವನಿಗೆ ಕೀರ್ತಿಯ ಆಸೆಯೂ ಇದ್ದೀತು. ಜೀರ್ಣೋದ್ಧಾರಕ್ಕೆ ಕೈಹಾಕುವವನು ಇನ್ನೊಬ್ಬನ ಹೆಸರಿನ ಕೆರೆಗೆ ತನ್ನ ಬೆವರನ್ನು ಸುರಿಸುತ್ತಾನೆ.

ಕೊನೆಯಲ್ಲಿ ಗೃಹಸ್ಥರಾದ ವಾಚಕರಲ್ಲಿ ವಿಜ್ಞಾಪಿಸಿಕೊಳ್ಳತಕ್ಕುದೇನೆಂದರೆ, ಕೇರಿಯನ್ನೆಲ್ಲ ಒಂದೇ ಸಲ ಉದ್ಧರಿಸಹೊರಡುವುದು ಬೇಡ. ನಿಮ್ಮ ಮನೆಯಿಂದ ಕೂಗಳತೆಯಲ್ಲಿರುವ ಒಂದು ವಸ್ತುವನ್ನು ಆರಿಸಿಕೊಳ್ಳಿ. ಅದು ಬಾವಿಯಾಗಬಹುದು, ಶಾಲೆಯ ಮುಂದಣ ಚರಂಡಿಯಾಗಬಹುದು, ಬಸ್ಸು ನಿಲ್ಲುವ ಕಟ್ಟೆಯಾಗಬಹುದು. ಅದನ್ನು ದಿನವೂ ಯಾರು ಬಳಸುತ್ತಾರೆಂದು ಮೊದಲು ವಿಚಾರಿಸಿ ಅವರನ್ನು ಜೊತೆಗೆ ಕರೆದುಕೊಳ್ಳಿ. ಪಂಚಾಯತಿಯೋ ಪುರಸಭೆಯೋ ಮಾಡಬೇಕಾದುದನ್ನು ಬರಹದಲ್ಲಿ ಕೇಳಿ, ಕೇಳಿದುದರ ಪ್ರತಿಯನ್ನು ಇಟ್ಟುಕೊಳ್ಳಿ. ವಂತಿಗೆ ಎತ್ತಿದರೆ ಕಾಸುಕಾಸಿನ ಲೆಕ್ಕವನ್ನು ಎಲ್ಲರಿಗೂ ತೋರಿಸಿ. ನೆರೆಹೊರೆಯ ಸಂಘಗಳು ಬಡತನದಿಂದ ಮುರಿಯುವುದಕ್ಕಿಂತ ಸಂಶಯದಿಂದ ಮುರಿಯುವುದೇ ಹೆಚ್ಚು. ಕೆಲಸವನ್ನು ಸರದಿಯ ಮೇಲೆ ಹಂಚಿಕೊಳ್ಳಿ. ಒಬ್ಬನೇ ಉತ್ಸಾಹಿಯ ಬೆನ್ನ ಮೇಲೆ ಹೊರಿಸಿದ ಸೇವೆ ಅವನು ಊರು ಬಿಟ್ಟ ದಿನವೇ ನಿಲ್ಲುತ್ತದೆ. ಮಕ್ಕಳನ್ನು ಕರೆದೊಯ್ಯುವುದನ್ನು ಮರೆಯಬೇಡಿ. ಇಂದು ಕೆರೆಯ ಹಕ್ಕಿಯನ್ನು ಎಣಿಸಿದ ಮಗು ನಾಳೆ ಆ ಕೆರೆಗೆ ಕಸ ಎಸೆಯಲಾರದು.

ಉದ್ಘಾಟನೆಯ ದಿನ ಕೇರಿಯೆಲ್ಲ ನೆರೆಯುತ್ತದೆ. ಮರುವಾರದ ಮಳೆಯಲ್ಲಿ, ಕಟ್ಟಿಕೊಂಡ ಮೋರಿಯ ಬಾಯನ್ನು ಬಿಡಿಸಲು ಬಂದವರು ಯಾರೆಂಬುದರಿಂದಲೇ ಆ ಕೇರಿಯ ಭವಿಷ್ಯವನ್ನು ತಿಳಿಯಬಹುದು. ಕಟ್ಟಿದವರ ಹೆಸರು ಕಲ್ಲಿನ ಮೇಲಿರಲಿ. ಕಾಯುವವರ ಸಂಖ್ಯೆ ಕೇರಿಯಲ್ಲಿ ಹೆಚ್ಚಲಿ.